ಬಿಲ್ಲು ಹಿಡಿದ ಕೈಗೆ ಬಿಸುಪು ಎಲ್ಲಿಂದ ಬರಬೇಕು

ಚಳಿಯಲ್ಲಿ ಕೈ ಬೆಚ್ಚಗಿಡುವುದು ಎಂದೊಡನೆ ಯಾರಿಗಾದರೂ ಮೊದಲು ಹೊಳೆಯುವುದು ಕೈಗವಸು. ಬಿಲ್ಲು ಹಿಡಿಯುವವನಿಗೆ ಮಾತ್ರ ಈ ಉತ್ತರ ಅರ್ಧಕ್ಕೇ ನಿಂತುಹೋಗುತ್ತದೆ. ಹೆದೆಯನ್ನು ಸೆಳೆದು ಹಿಡಿಯುವುದು ಮೂರು ಬೆರಳುಗಳ ತುದಿಗೆಣ್ಣುಗಳು. 40 ಪೌಂಡ್ ಬಿಗಿಯ ರಿಕರ್ವ್ (ತುದಿಗಳು ಹೊರಕ್ಕೆ ಬಾಗಿದ) ಬಿಲ್ಲಾದರೆ ಆ ಗೆಣ್ಣುಗಳು ಸುಮಾರು 18 ಕಿಲೋ ಭಾರವನ್ನು ತಡೆದುಕೊಂಡಿರಬೇಕು, ತಡೆದುಕೊಂಡಿರುವಾಗಲೇ ಹೆದೆ ಯಾವ ಬೆರಳಿನ ಮೇಲೆ ಎಷ್ಟು ಒತ್ತುತ್ತಿದೆ ಎಂಬುದನ್ನೂ ಅರಿಯುತ್ತಿರಬೇಕು, ಕೊನೆಗೆ ಮೂರೂ ಒಂದೇ ಗಳಿಗೆಯಲ್ಲಿ ಸಡಿಲಬೇಕು. ಒಂದು ಬೆರಳು ಹಿಂದುಳಿದರೂ ಹೆದೆ ಪಕ್ಕಕ್ಕೆ ಎಳೆದುಕೊಂಡು ಹೋಗುತ್ತದೆ, ಬಾಣ ಅದರ ಹಿಂದೆ ಹೋಗುತ್ತದೆ. ದಪ್ಪ ಕೈಗವಸು ತೊಟ್ಟರೆ ಬೆರಳಿಗೆ ಹೆದೆಯ ಅರಿವೇ ಉಳಿಯುವುದಿಲ್ಲ. ತೊಡದಿದ್ದರೆ ಚಳಿ ಬಂದು ಅದೇ ಅರಿವನ್ನು ಕಸಿದುಕೊಳ್ಳುತ್ತದೆ. ಬಂದೂಕು ಹಿಡಿದವನಿಗೆ ಒಂದೇ ಬೆರಳಿನ ಚಿಂತೆಯಾದರೆ ಬಿಲ್ಲಿನವನಿಗೆ ಎರಡು ಕೈಗಳಿಗೂ ಬೇರೆ ಬೇರೆ ಬಗೆಯ ಚಿಂತೆ.

ಧಾರವಾಡದಲ್ಲಿ ಕುಳಿತು ಇದನ್ನೆಲ್ಲ ಬರೆಯುವುದನ್ನು ಕಂಡು ನಗುವವರಿದ್ದಾರೆಂದು ಬಲ್ಲೆ. ನಮ್ಮೂರಿನ ಮಾಗಿಯ ನಸುಕು ಸಾಮಾನ್ಯವಾಗಿ 14-15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಬಿಗಿ ಥಂಡಿ ಬಿದ್ದ ದಿನ ಇನ್ನಷ್ಟು ಕೆಳಗಿಳಿಯುತ್ತದೆ, ಅಷ್ಟೇ. ಆದರೆ ಗುರಿಪಲಗೆಗೆ ಬಾಣ ಬಿಡುವ ಅಭ್ಯಾಸವಿರುವ ನನ್ನಂಥವನಿಗೆ ಡಿಸೆಂಬರ್ ತಿಂಗಳ ಬೆಳಗಿನ ಆರೂವರೆಗೆ, ಇಬ್ಬನಿಯಿಂದ ತೊಯ್ದ ಮೈದಾನದಲ್ಲಿ, ಮೂಡಗಾಳಿಗೆ ಎದುರಾಗಿ ನನ್ನ ಸರದಿಗಾಗಿ ಕಾಯುತ್ತ ನಿಂತಾಗ ಬೆರಳು ಮಂಕಾಗುವುದಕ್ಕೆ ಅಷ್ಟು ಚಳಿಯೇ ಸಾಕಾಗುತ್ತದೆ. ಬೇಟೆಯ ಮಾತು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಮ್ಮಲ್ಲಿ ಕಾಡುಪ್ರಾಣಿಯ ಬೇಟೆ ಅಪರಾಧ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಬಳಿ ಕೃಷ್ಣಮೃಗಗಳಿಗೆಂದೇ 1974ರಲ್ಲಿ ಅಭಯಾರಣ್ಯವಾದದ್ದನ್ನು, ಅವು ಹಿಂಡು ಹಿಂಡಾಗಿ ಹೊಲಗಳಿಗೂ ನುಗ್ಗುವಷ್ಟು ಹೆಚ್ಚಿದ್ದನ್ನು ನೋಡಿದವರಿಗೆ ಆ ಕಾಯ್ದೆ ಏನು ಮಾಡಿತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಲ್ಲುಬೇಟೆಯನ್ನು ನಾನು ಬಲ್ಲದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿರುವ ಅಣ್ಣನ ಮಗನಿಂದ. ಅಲ್ಲಿ ಬಿಲ್ಲಿನಿಂದ ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವುದಕ್ಕೆ ಪರವಾನಗಿ ಕೊಡುತ್ತಾರೆ. ಸೆಪ್ಟೆಂಬರ್ ನಡುವಿನಲ್ಲಿ ಆರಂಭವಾಗುವ ಋತು ಜನವರಿಯ ಮೊದಲ ದಿನಗಳವರೆಗೂ ಎಳೆಯುತ್ತದೆ. ಗಂಡು ಜಿಂಕೆಗಳು ಬೆದೆಗೆ ಬಂದು ಎಚ್ಚರ ತಪ್ಪಿ ತಿರುಗುವ ನವೆಂಬರ್ ತಿಂಗಳೇ ಬೇಟೆಗಾರರಿಗೆ ಮುಖ್ಯ. ಆ ನವೆಂಬರಿನಲ್ಲಿ ಅಲ್ಲಿಯ ನಸುಕು ಸೊನ್ನೆಗಿಂತ ಬಹಳ ಕೆಳಗಿಳಿಯುವುದು ಅಪರೂಪವಲ್ಲ.

ಅವನ ಮನೆಯಲ್ಲಿದ್ದಾಗ ಒಂದು ಬೆಳಗ್ಗೆ, ಬಿಲ್ಲಿಲ್ಲದೆ, ಬರೀ ನೋಡುವುದಕ್ಕೆಂದು ನಾನೂ ಅವನ ಜೊತೆಗೆ ಮರದ ಮೇಲಿನ ಅಟ್ಟಣೆಯಲ್ಲಿ ಕುಳಿತಿದ್ದೆ. ಅಲ್ಲಿಯವರೆಗೆ ಚಳಿಯೇ ಬಿಲ್ಲುಬೇಟೆಗಾರನ ಶತ್ರುವೆಂದು ತಿಳಿದಿದ್ದೆ. ಅರ್ಧ ಗಂಟೆಯಲ್ಲಿ ತಿಳಿದದ್ದೇನೆಂದರೆ, ಅವನ ದೊಡ್ಡ ಶತ್ರು ಅಲುಗಾಡದೆ ಕೂರಬೇಕಾದ ಕಟ್ಟಳೆ. ಅದೇ ಚಳಿಯಲ್ಲಿ ಕಟ್ಟಿಗೆ ಒಡೆಯುವವನು ಅಂಗಿ ಬಿಚ್ಚಿಹಾಕಿ ಬೆವರುತ್ತಾನೆ. ಬೇಟೆಗಾರನೋ ಬೆಳಕು ಹರಿಯುವ ಮುಂಚೆ ಹತ್ತಿ ಕುಳಿತವನು ಮೂರು ನಾಲ್ಕು ತಾಸು ಕೈ ತಿಕ್ಕುವಂತಿಲ್ಲ, ಕಾಲು ಕುಟ್ಟುವಂತಿಲ್ಲ, ಎದ್ದು ತಿರುಗುವಂತಿಲ್ಲ, ಬೆಂಕಿಯ ಮಾತಂತೂ ದೂರವೇ ಉಳಿಯಿತು. ಅಷ್ಟು ಹೊತ್ತು ಮೈಯ ಒಲೆಯನ್ನು ಆರಿಸಿಟ್ಟವನು ಜಿಂಕೆ ಇಪ್ಪತ್ತು ಗಜದೊಳಗೆ ಬಂದ ಆ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ತನ್ನ ಇಡೀ ಬಲವನ್ನೂ ಅತ್ಯಂತ ನಯವಾದ ಬೆರಳ ಕೆಲಸವನ್ನೂ ಒಟ್ಟಿಗೆ ಮಾಡಿ ತೋರಿಸಬೇಕು. ಗುರಿಪಲಗೆಯ ಆಟದಲ್ಲಿ ಹತ್ತು ನಿಮಿಷಕ್ಕೊಮ್ಮೆಯಾದರೂ ಬಿಲ್ಲು ಎಳೆದು ಮೈ ಕಾಯಿಸಿಕೊಳ್ಳುವ ನಮಗೆ ಇದರ ಕಷ್ಟ ಅರ್ಥವಾಗುವುದು ಸರದಿ ತಡವಾದ ದಿನ ಮಾತ್ರ.

ಕೈ ತಣ್ಣಗಾಗುವ ಬಗೆಯನ್ನು ತಿಳಿದುಕೊಂಡರೆ ಕೈಗವಸಿನ ಮೇಲಿನ ನಂಬಿಕೆ ತಾನಾಗಿ ಕಡಿಮೆಯಾಗುತ್ತದೆ. ಬೆರಳುಗಳು ತಮಗೆ ಬೇಕಾದ ಶಾಖವನ್ನು ತಾವು ಹುಟ್ಟಿಸಿಕೊಳ್ಳಲಾರವು. ಅವುಗಳನ್ನು ಮಡಿಚುವ ಬಲವಾದ ಸ್ನಾಯುಗಳಿರುವುದು ಮುಂಗೈಯಲ್ಲಿ, ಮೊಣಕೈಗೂ ಮಣಿಕಟ್ಟಿಗೂ ನಡುವೆ. ಬೆರಳಲ್ಲಿರುವುದು ಆ ಸ್ನಾಯುಗಳಿಂದ ಬಂದ ಸ್ನಾಯುರಜ್ಜುಗಳು, ಎಲುಬು, ಚರ್ಮ. ಹಾಗಾಗಿ ಬೆರಳಿಗೆ ಬಿಸುಪು ಬರುವುದು ಬಹುಮಟ್ಟಿಗೆ ರಕ್ತದ ಮೂಲಕವೇ. ಬೆರಳ ತುದಿಯಲ್ಲಿ ಮತ್ತು ಅಂಗೈಯಲ್ಲಿ ಧಮನಿಯಿಂದ ಅಭಿಧಮನಿಗೆ ನೇರವಾಗಿ ರಕ್ತ ಹಾಯಿಸುವ ಪುಟ್ಟ ಅಡ್ಡದಾರಿಗಳು ಹೇರಳವಾಗಿವೆ. ಮೈಯಲ್ಲಿ ಶಾಖ ಹೆಚ್ಚಾದಾಗ ಅವು ತೆರೆದುಕೊಂಡು ಬಿಸಿರಕ್ತವನ್ನು ಚರ್ಮದ ಬಳಿಗೆ ತಂದು ಆರಿಸುತ್ತವೆ. ಮೈಗೆ ಶಾಖ ಸಾಲದೆಂದು ಮಿದುಳಿಗೆ ತೋರಿದ ಕೂಡಲೇ ಮುಚ್ಚಿಕೊಳ್ಳುತ್ತವೆ. ಎದೆ, ಹೊಟ್ಟೆ, ತಲೆಯೊಳಗಿನ 37 ಡಿಗ್ರಿಯನ್ನು ಕಾಯುವುದಕ್ಕಾಗಿ ದೇಹ ಮೊದಲು ಬಿಟ್ಟುಕೊಡುವುದು ಕೈಕಾಲುಗಳ ತುದಿಯನ್ನೇ. ಕೈ ತಣ್ಣಗಾಯಿತೆಂದರೆ ಬಹಳ ಸಲ ತೊಂದರೆ ಕೈಯಲ್ಲಿರುವುದಿಲ್ಲ, ಎದೆ ಬೆನ್ನುಗಳಲ್ಲಿರುತ್ತದೆ. ಕೆನಡಾದ ಸಂಶೋಧಕರು 1990ರ ದಶಕದಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು: ಕಡುಚಳಿಯ ಕೋಣೆಯಲ್ಲಿ ಕೂರಿಸಿದವರ ಎದೆ ಬೆನ್ನುಗಳಿಗೆ ವಿದ್ಯುತ್ ಶಾಖ ಕೊಟ್ಟಾಗ ಬರಿಗೈಯ ಬೆರಳುಗಳೂ ಬೆಚ್ಚಗೆ ಉಳಿದವು.

ಇದನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಜೀವಿಗಳು ನಮ್ಮ ಪಕ್ಕದ ಗದಗ ಜಿಲ್ಲೆಗೇ ಪ್ರತಿ ಚಳಿಗಾಲ ಬರುತ್ತವೆ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯದ ಆಚೆಯಿಂದ ಹಾರಿಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡುವುದಕ್ಕೆ, ಆ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮೇಲಂತೂ, ದೂರದೂರದಿಂದ ಜನ ಬರುತ್ತಾರೆ. ತಣ್ಣನೆಯ ನೀರಿನಲ್ಲಿ ಬರಿಗಾಲಲ್ಲಿ ತಾಸುಗಟ್ಟಲೆ ನಿಲ್ಲುವ ಈ ಹಕ್ಕಿಗಳ ಕಾಲಿನಲ್ಲಿ ಕೆಳಗಿಳಿಯುವ ಬಿಸಿ ರಕ್ತದ ನಾಳಗಳೂ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಒಂದಕ್ಕೊಂದು ಒತ್ತಿಕೊಂಡು ಸಾಗುತ್ತವೆ. ಇಳಿಯುವ ರಕ್ತ ತನ್ನ ಶಾಖವನ್ನು ಏರುವ ರಕ್ತಕ್ಕೆ ದಾಟಿಸಿಬಿಡುವುದರಿಂದ ಪಾದ ತಂಪಾಗಿದ್ದರೂ ಮೈಯ ಶಾಖ ನೀರಿಗೆ ಹರಿದುಹೋಗುವುದಿಲ್ಲ. ಮನುಷ್ಯನ ತೋಳಿನಲ್ಲಿಯೂ ಇದೇ ಏರ್ಪಾಡು ಸ್ವಲ್ಪ ಮಟ್ಟಿಗೆ ಇದೆ. ಚಳಿ ತಗುಲಿದಾಗ ಚರ್ಮದ ಕೆಳಗಿನ ಹಸಿರು ನಾಳಗಳು ಕುಗ್ಗಿ, ರಕ್ತ ಆಳದ ಅಭಿಧಮನಿಗಳ ಮೂಲಕ, ಧಮನಿಯ ಮಗ್ಗುಲಲ್ಲೇ ಹಿಂದಿರುಗುತ್ತದೆ. ಬರುವ ದಾರಿಯಲ್ಲಿ ಇಳಿಯುವ ರಕ್ತದ ಬಿಸುಪನ್ನು ಹೀರಿಕೊಳ್ಳುತ್ತದೆ. ಮೈಯನ್ನು ಕಾಯುವ ಈ ಜಾಣತನವೇ ಬಿಲ್ಲುಗಾರನಿಗೆ ಉಪದ್ರವ. ಹೆಬ್ಬಾತಿಗೆ ತಣ್ಣನೆಯ ಪಾದದಿಂದ ಹೆದೆ ಎಳೆಯುವ ಕೆಲಸವಿಲ್ಲ. ನಮಗೆ ಉಳಿಯುವ ದಾರಿ ಎಂದರೆ ರಕ್ತ ಇಳಿದುಬರುವ ಹಾದಿಯನ್ನೆಲ್ಲ, ಅಂದರೆ ಕೊರಳು, ತೋಳು, ಮುಂಗೈ, ಮಣಿಕಟ್ಟುಗಳನ್ನು ಹೊದಿಸಿ ಕಾಯುವುದು. ಮಣಿಕಟ್ಟಿನ ಒಳಮೈಯಲ್ಲಿ ನಾಡಿ ಸಿಗುವ ಕಡೆ ಧಮನಿ ಚರ್ಮಕ್ಕೆ ತೀರ ಹತ್ತಿರವಿರುತ್ತದೆ. ತುಂಬುತೋಳಿನ ಸ್ವೆಟರ್ ತೊಟ್ಟು ಮಣಿಕಟ್ಟನ್ನು ಮಾತ್ರ ಬರಿದಾಗಿ ಬಿಡುವವರನ್ನು ನಮ್ಮ ಮೈದಾನದಲ್ಲಿ ದಿನಾಲೂ ನೋಡುತ್ತೇನೆ. ಹಳೆಯ ಉಣ್ಣೆಯ ಕಾಲುಚೀಲದ ಪಾದ ಕತ್ತರಿಸಿ ಉಳಿದ ಕೊಳವೆಯನ್ನು ಅಂಗೈ ನಡುವಿನಿಂದ ಮೊಣಕೈವರೆಗೆ ಏರಿಸಿಕೊಂಡರೆ ಬೆರಳು ಬರಿದಾಗಿಯೇ ಇದ್ದು ಕೈ ಎಷ್ಟೋ ಹೊತ್ತು ಮೃದುವಾಗಿ ಉಳಿಯುತ್ತದೆ. ಖರ್ಚಿಲ್ಲದ ಈ ಉಪಾಯವನ್ನು ನಾನು ಯಾವ ಕೈಗವಸಿಗಿಂತಲೂ ಮೇಲೆಂದು ಎಣಿಸುತ್ತೇನೆ.

ತಣಿದ ಬೆರಳಿನಲ್ಲಿ ಏನೇನು ಕೆಡುತ್ತದೆ ಎಂಬುದಕ್ಕೂ ಒಂದು ಕ್ರಮವಿದೆ. ಬೆರಳ ಚರ್ಮ 15 ಡಿಗ್ರಿಯ ಸುತ್ತ ಬಂದಾಗ ಕೈಚಳಕ ಎದ್ದು ಕಾಣುವಷ್ಟು ತಗ್ಗುತ್ತದೆ: ಗೆಣ್ಣಿನೊಳಗಿನ ಜಾರುದ್ರವ ಗಟ್ಟಿಯಾಗಿರುತ್ತದೆ, ನರದಲ್ಲಿ ಸುದ್ದಿ ಸಾಗುವ ವೇಗ ಇಳಿದಿರುತ್ತದೆ, ಮುಂಗೈಯ ಸ್ನಾಯು ಸಾವಕಾಶವಾಗಿ ಬಿಗಿದು ಸಾವಕಾಶವಾಗಿ ಸಡಿಲುತ್ತದೆ. 8 ಡಿಗ್ರಿಯ ಹತ್ತಿರಕ್ಕೆ ಬಂದಾಗ ಸ್ಪರ್ಶಜ್ಞಾನವೂ ಹೋಗಿ ಬೆರಳು ಮರಗಟ್ಟುತ್ತದೆ. ಇವೆರಡರ ನಡುವಿನ ಅವಧಿಯೇ ಬಿಲ್ಲುಗಾರನನ್ನು ಮೋಸಗೊಳಿಸುವ ಕಾಲ, ಏಕೆಂದರೆ ಆಗ ಬೆರಳು ಇನ್ನೂ ಪೂರ್ತಿ ಮರಗಟ್ಟಿರುವುದಿಲ್ಲ. ಕೈ ಸರಿಯಾಗಿದೆ ಎಂದೇ ಅನ್ನಿಸಬಹುದು. ಹೆದೆಯ ಒತ್ತಡ ಸಾಲದೆಂದು ತೋರಿ ಗೊತ್ತಿಲ್ಲದಂತೆ ಬೆರಳನ್ನು ಇನ್ನಷ್ಟು ಆಳಕ್ಕೆ ಕೊಕ್ಕೆಯಾಗಿಸುತ್ತೇವೆ, ಬಿಡುವಾಗ ಆ ಕೊಕ್ಕೆ ಬೇಗ ಬಿಚ್ಚಿಕೊಳ್ಳುವುದಿಲ್ಲ. ನಸುಕಿನಲ್ಲಿ ಬಾಣಗಳೆಲ್ಲ ಒಂದೇ ಪಕ್ಕಕ್ಕೆ ಜರುಗಿ ಬೀಳುವುದನ್ನು ಕಂಡು ಗುರಿಸೂಚಕವನ್ನು ತಿರುಗಿಸುವವರಿಗೆ, ಬಿಸಿಲೇರಿದ ಮೇಲೆ ಅದನ್ನು ಮತ್ತೆ ಹಿಂದಕ್ಕೆ ತಿರುಗಿಸುವ ಕೆಲಸ ತಪ್ಪಿದ್ದಲ್ಲ.

ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ 1930ರಲ್ಲಿ ವಿವರಿಸಿದ ಒಂದು ಸಂಗತಿಯನ್ನು ಇಲ್ಲಿ ಸೇರಿಸಬೇಕು. ಬೆರಳನ್ನು ಹಿಮನೀರಿನಲ್ಲಿಟ್ಟರೆ ಐದರಿಂದ ಹತ್ತು ನಿಮಿಷದಲ್ಲಿ ಮುಚ್ಚಿದ ರಕ್ತನಾಳಗಳು ತಾವಾಗಿ ತೆರೆದು ಬೆರಳು ಸ್ವಲ್ಪ ಬಿಸಿಯಾಗುತ್ತದೆ, ಮತ್ತೆ ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ಕಡುಚಳಿಯಲ್ಲಿ ಕೂತವರಿಗೆ ಆಗಾಗ ಕೈಗೆ ಜೀವ ಬಂದಂತೆ ಅನ್ನಿಸುವುದು ಇದರಿಂದಲೇ. ಆದರೆ ಈ ಉಪಕಾರವೂ ಮೈಯ ಒಳಶಾಖವನ್ನೇ ನೆಚ್ಚಿದೆ. ಎದೆ ತಣ್ಣಗಾದವನಲ್ಲಿ ಅದು ದುರ್ಬಲವಾಗುತ್ತದೆ. ಕೆಲವರಿಗಂತೂ ಸ್ವಲ್ಪ ಚಳಿಗೇ ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ಆಮೇಲೆ ನೀಲಿಯಾಗಿ, ಕೊನೆಗೆ ಕೆಂಪೇರುತ್ತದೆ. ಫ್ರಾನ್ಸಿನ ಮಾರಿಸ್ ರೇನೋ 1862ರಲ್ಲಿ ಬಣ್ಣಿಸಿದ ಈ ತೊಂದರೆ ಇರುವವರು ಚಳಿಯನ್ನು ಪಳಗಿಸಿಕೊಳ್ಳುತ್ತೇನೆ ಎಂಬ ಹಟಕ್ಕೆ ಬೀಳದೆ ವೈದ್ಯರಿಗೆ ತೋರಿಸಿಕೊಳ್ಳುವುದು ಒಳ್ಳೆಯದು.

ಅಲುಗಾಡದೆ ಕೂತು ಕಾಯುವ ಕಲೆ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ನವಲಗುಂದ, ನರಗುಂದ, ರೋಣದ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆಗಟ್ಟಿ ಕಾಳು ಹಾಲು ತುಂಬುವುದು ಸರಿಯಾಗಿ ಮಾಗಿಯ ಚಳಿಯಲ್ಲಿಯೇ. ಹಕ್ಕಿ ಕಾಯುವುದಕ್ಕೆ ಹೊಲದ ನಡುವೆ ಕಟ್ಟಿಗೆಯ ಮಂಚಿಗೆ ಕಟ್ಟಿ, ನಸುಕಿನಲ್ಲಿಯೇ ಅದರ ಮೇಲೆ ಕೂತು ಕವಣೆ ಬೀಸುತ್ತಿದ್ದ ಹಿರಿಯರನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೇನೆ. ಕವಣೆಯೂ ಬೆರಳಿನ ಕೆಲಸವೇ. ಎರಡು ಹುರಿಗಳಲ್ಲಿ ಒಂದನ್ನು ಬೆರಳಿಗೆ ಸಿಕ್ಕಿಸಿ, ಇನ್ನೊಂದನ್ನು ಸರಿಯಾದ ಗಳಿಗೆಗೆ ಬಿಡಬೇಕು. ಬೆರಳು ಸೆಟೆದಿದ್ದರೆ ಕಲ್ಲು ಎಲ್ಲಿಗೋ ಹೋಗುತ್ತದೆ. ಆ ಹಿರಿಯರಲ್ಲಿ ಯಾರೂ ಕೈಗವಸು ಕಂಡವರಲ್ಲ. ಅವರ ಬಳಿ ಇದ್ದದ್ದು ಕುರುಬರು ನೇಯ್ದ ಕರಿ ಕಂಬಳಿ. ಅದನ್ನು ಕೊಪ್ಪೆಯಾಗಿ ತಲೆಯಿಂದ ಮೊಣಕಾಲವರೆಗೆ ಇಳಿಬಿಟ್ಟು, ಎರಡೂ ಕೈಗಳನ್ನು ಒಳಗೆಳೆದುಕೊಂಡು ಕಂಕುಳಲ್ಲಿಟ್ಟು ಕೂರುತ್ತಿದ್ದರು. ಹಕ್ಕಿ ಇಳಿದಾಗ ಬಲಗೈ ಒಂದೇ ಹೊರಬಂದು, ಕಲ್ಲು ಬೀಸಿ, ಮತ್ತೆ ಒಳಗೆ ಹೋಗುತ್ತಿತ್ತು. ನಾನು ಈ ವಿಷಯದಲ್ಲಿ ಓದಿದ್ದು, ಕೇಳಿದ್ದು, ವಿಸ್ಕಾನ್ಸಿನ್ನಿನ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುವುದನ್ನು ಕಂಡದ್ದು ಎಲ್ಲವನ್ನೂ ಸೇರಿಸಿದರೂ ಆ ಏರ್ಪಾಡಿನಲ್ಲಿ ಇಲ್ಲದ ತತ್ವ ಒಂದೂ ನನಗೆ ಸಿಕ್ಕಿಲ್ಲ. ಕೈಗೆ ಬೇರೆ ಮನೆ ಕಟ್ಟದೆ ಮೈಯ ಮನೆಯಲ್ಲಿಯೇ ಇಟ್ಟುಕೊಳ್ಳುವುದು, ಕೆಲಸವಿದ್ದಷ್ಟೇ ಹೊತ್ತು ಬರಿಗೈಯನ್ನು ಹೊರಗೆ ಬಿಡುವುದು.

ಅಲ್ಲಿಯ ಬೇಟೆಗಾರರು ಮಾಡುವುದೂ ಇದನ್ನೇ. ಅಣ್ಣನ ಮಗ ಸೊಂಟಕ್ಕೆ ಒಂದು ದಪ್ಪ ಕೊಳವೆಯಂಥ ಚೀಲ ಕಟ್ಟಿಕೊಳ್ಳುತ್ತಾನೆ, ಅದಕ್ಕೆ ಅವರು ಮಫ್ ಎನ್ನುತ್ತಾರೆ. ಎರಡೂ ಕಡೆಯಿಂದ ಕೈ ತೂರಿಸಿದರೆ ಒಳಗೆ ಕೈಗೆ ಕೈ ತಾಗುತ್ತದೆ, ಹೊಟ್ಟೆಯ ಶಾಖವೂ ಸಿಗುತ್ತದೆ. ಒಳಗೆ ಕಬ್ಬಿಣದ ಪುಡಿಯ ಬಿಸಿಚೀಲ ಒಂದೆರಡು ಇರುತ್ತವೆ. ಅವುಗಳ ಕೆಲಸ ಸರಳ: ಸಣ್ಣ ಕಬ್ಬಿಣದ ಪುಡಿ, ಉಪ್ಪು, ಇದ್ದಿಲು, ಸ್ವಲ್ಪ ನೀರು ಕೂಡಿಸಿ ಗಾಳಿಯಾಡುವ ಬಟ್ಟೆಯಲ್ಲಿ ಕಟ್ಟಿರುತ್ತಾರೆ, ಹೊರಗಿನ ಲಕೋಟೆ ಹರಿದ ಕೂಡಲೇ ಗಾಳಿಯ ಆಮ್ಲಜನಕ ತಗುಲಿ ಕಬ್ಬಿಣ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿಯುವಾಗ ಹೊರಡುವ ಶಾಖ ತಾಸುಗಟ್ಟಲೆ ಬರುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಬಿಗಿಯಾದ ಕೈಗವಸಿನೊಳಗೆ ತುರುಕಿದರೆ ಚೀಲಕ್ಕೆ ಗಾಳಿ ಸಾಲದೆ ಅದು ಮಂಕಾಗುತ್ತದೆ. ಕೈಗವಸು ಬೆರಳನ್ನು ಒತ್ತಿ ಇದ್ದ ರಕ್ತಸಂಚಾರವನ್ನೂ ತಡೆಯುತ್ತದೆ. ಮಫ್‌ನ ಸಡಿಲಾದ ಜಾಗದಲ್ಲಿ ಅದೇ ಚೀಲ ಚೆನ್ನಾಗಿ ಕೆಲಸ ಮಾಡುತ್ತದೆ. ಇನ್ನೊಂದು ಜಾತಿಯ ಚೀಲದಲ್ಲಿ ಸೋಡಿಯಂ ಅಸಿಟೇಟ್ ದ್ರಾವಣವಿರುತ್ತದೆ, ಒಳಗಿನ ಲೋಹದ ಬಿಲ್ಲೆಯನ್ನು ಚಿಟಿಕಿಸಿದರೆ ದ್ರಾವಣ ಕ್ಷಣದಲ್ಲಿ ಹರಳುಗಟ್ಟಿ 54 ಡಿಗ್ರಿಯವರೆಗೆ ಬಿಸಿಯಾಗುತ್ತದೆ. ಕುದಿನೀರಿನಲ್ಲಿಟ್ಟು ಮತ್ತೆ ಕರಗಿಸಿ ಬಳಸಬಹುದು, ಆದರೆ ಶಾಖ ಬೇಗ ತೀರುತ್ತದೆ. ನಿಶ್ಶಬ್ದದ ಅಟ್ಟಣೆಯಲ್ಲಿ ಆ ಚಿಟಿಕೆಯ ಸದ್ದೂ ಜಿಂಕೆಯನ್ನು ಎಚ್ಚರಿಸಬಲ್ಲದು. ಜಪಾನಿನಲ್ಲಿ 1923ರಿಂದ ಬಳಕೆಯಲ್ಲಿರುವ, ಬೆನ್ಜಿನ್ ಆವಿಯನ್ನು ಪ್ಲಾಟಿನಮ್ಮಿನ ನೆರವಿನಿಂದ ಜ್ವಾಲೆಯಿಲ್ಲದೆ ಉರಿಸುವ ಲೋಹದ ಡಬ್ಬಿಯೂ ಇದೆ. ಅದು ಎಲ್ಲಕ್ಕಿಂತ ಬಿಸಿ, ಆದರೆ ವಾಸನೆಯಿರುವ ಕಾರಣ ಗಾಳಿಯ ವಾಸನೆಯಿಂದಲೇ ಬದುಕುವ ಪ್ರಾಣಿಯ ಬೇಟೆಗೆ ಹೊಂದುವುದಿಲ್ಲ. ನಮ್ಮ ಗುರಿಪಲಗೆಗೆ ಆಗಬಹುದು.

ಕೈಗವಸನ್ನು ತೊಡಲೇಬೇಕಾದರೆ ಎರಡು ಕೈಗಳಿಗೂ ಒಂದೇ ಬಗೆಯದು ಬೇಡ. ಬಿಲ್ಲು ಹಿಡಿಯುವ ಕೈಗೆ ತೆಳುವಾದ ಉಣ್ಣೆಯ ಗವಸು ಸಾಕು, ಅದಕ್ಕೆ ಮಾಡಬೇಕಾದ ನಯದ ಕೆಲಸ ಕಡಿಮೆ. ಆದರೆ ದಪ್ಪ ಗವಸು ತೊಟ್ಟರೆ ಹಿಡಿಕೆ ಅಂಗೈಯಲ್ಲಿ ಕೂರುವ ಜಾಗ ಬದಲಾಗಿ ಬಿಲ್ಲು ತಿರುಚಿಕೊಳ್ಳುತ್ತದೆ. ಆ ಕೈಯನ್ನು ತಣಿಸುವುದರಲ್ಲಿ ಗಾಳಿಯಷ್ಟೇ ಪಾಲು ಬಿಲ್ಲಿನದೂ ಇರುತ್ತದೆ. ಈಗಿನ ಬಿಲ್ಲುಗಳ ನಡುಭಾಗ ಅಲ್ಯೂಮಿನಿಯಮ್ಮಿನದು, ಅದು ಮರಕ್ಕಿಂತ ಸಾವಿರ ಪಟ್ಟಿನಷ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ರಾತ್ರಿಯೆಲ್ಲ ಕಾರಿನ ಡಿಕ್ಕಿಯಲ್ಲಿದ್ದ ಬಿಲ್ಲನ್ನು ನಸುಕಿನಲ್ಲಿ ಹಿಡಿದರೆ ಅಂಗೈಯ ಬಿಸುಪು ಅದರೊಳಕ್ಕೆ ಇಳಿಯುತ್ತಲೇ ಇರುತ್ತದೆ. ಹಿಡಿಕೆಗೆ ಸೈಕಲ್ ಹ್ಯಾಂಡಲ್ಲಿಗೆ ಸುತ್ತುವ ಬಟ್ಟೆಪಟ್ಟಿಯನ್ನೋ ತೆಳ್ಳನೆಯ ಚರ್ಮವನ್ನೋ ಸುತ್ತಿಕೊಂಡರೆ ಆಗುವ ಅನುಕೂಲ ಅದರ ಬೆಲೆಗೆ ಹೋಲಿಸಿದರೆ ಬಹಳ ದೊಡ್ಡದು. ಸರದಿ ಬರುವತನಕ ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡಿರದೆ ಸ್ಟ್ಯಾಂಡಿಗೆ ಒರಗಿಸುವುದು ಇನ್ನೂ ಸುಲಭ. ಅಟ್ಟಣೆಯಲ್ಲಿ ಅದನ್ನು ಕೊಕ್ಕೆಗೆ ತೂಗುಹಾಕುತ್ತಾರೆ.

ಹೆದೆ ಎಳೆಯುವ ಕೈಯ ಮಾತು ಬಿಲ್ಲಿನ ಜಾತಿಯ ಮೇಲೆ ನಿಲ್ಲುತ್ತದೆ. ಅಮೆರಿಕದ ಮಿಸೌರಿಯ ಹಾಲಿಸ್ ವಿಲ್ಬರ್ ಆ್ಯಲೆನ್ ಎಂಬಾತ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲಿನಲ್ಲಿ ತುದಿಯ ರಾಟೆಗಳು ತಿರುಗಿ, ಪೂರ್ತಿ ಎಳೆದಾಗ ಕೈಮೇಲಿನ ಭಾರ ತಗ್ಗುತ್ತದೆ. 60 ಪೌಂಡಿನ ಬಿಲ್ಲು ಎಳೆದು ಹಿಡಿದಾಗ 12 ಪೌಂಡಿನಷ್ಟೇ ಭಾರವಾಗುವುದುಂಟು. ಹೆದೆಯನ್ನು ಹಿಡಿಯುವುದೂ ಬೆರಳಲ್ಲ, ಮಣಿಕಟ್ಟಿಗೆ ಪಟ್ಟಿಯಿಂದ ಕಟ್ಟಿದ ರಿಲೀಸ್ ಎಂಬ ಕೊಕ್ಕೆ. ಬೇಟೆಗಾರರಲ್ಲಿ ಹೆಚ್ಚಿನವರು ಇದನ್ನು ಬಳಸುವುದಕ್ಕೆ ಚಳಿಯೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಆದರೆ ಅಲ್ಲಿಯೂ ಒಂದು ಅಪಾಯವಿದೆ: ಮರಗಟ್ಟಿದ ತೋರುಬೆರಳು ಆ ಕೊಕ್ಕೆಯನ್ನು ಬಿಡಿಸುವ ಕೀಲಿಯನ್ನು (ಟ್ರಿಗರ್) ಮೆಲ್ಲಗೆ ಅದುಮಲಾರದೆ ಗುದ್ದುತ್ತದೆ, ದಪ್ಪ ಗವಸಿನ ಬೆರಳು ಎಳೆಯುವ ನಡುವೆಯೇ ಕೀಲಿಗೆ ತಗುಲಿ ಬಾಣ ಹಾರಿಹೋಗುತ್ತದೆ. ಬೆರಳಿನಿಂದಲೇ ಹೆದೆ ಎಳೆಯುವ ನಮ್ಮಂಥವರಿಗೆ ಬೆರಳಿಗೂ ಹೆದೆಗೂ ನಡುವೆ ಇಟ್ಟುಕೊಳ್ಳುವ ಚರ್ಮದ ತುಂಡು, ಅಂದರೆ ಟ್ಯಾಬ್ ಒಂದೇ ಗತಿ. ಇಬ್ಬನಿಯಲ್ಲಿ ತೊಯ್ದ ಟ್ಯಾಬ್ ಹೆದೆಗೆ ಅಂಟುತ್ತದೆ, ಬೆರಳನ್ನೂ ತಣಿಸುತ್ತದೆ. ಆದ್ದರಿಂದ ಎರಡು ಟ್ಯಾಬ್ ಇಟ್ಟುಕೊಂಡು ಒಂದನ್ನು ಸದಾ ಒಳಜೇಬಿನಲ್ಲಿ ಬೆಚ್ಚಗಿಡುತ್ತೇನೆ.

ಒದ್ದೆಯ ಮಾತು ಬಂದದ್ದರಿಂದ ಬೆವರಿನ ಮಾತನ್ನೂ ಹೇಳಬೇಕು. ಅಟ್ಟಣೆಯವರೆಗೆ ಅರ್ಧ ಮೈಲಿ ನಡೆಯುವಾಗ ಎಲ್ಲ ಬಟ್ಟೆಯನ್ನೂ ತೊಟ್ಟು ಬಿರುಸಾಗಿ ಹೋದವನು ಬೆವರುತ್ತಾನೆ, ಕೂತ ಮೇಲೆ ಆ ಬೆವರು ಆರುತ್ತ ಮೈಯ ಶಾಖವನ್ನೆಲ್ಲ ಹೊತ್ತುಕೊಂಡು ಹೋಗುತ್ತದೆ, ಒಂದು ತಾಸಿನ ನಂತರ ಕೈ ಮರಗಟ್ಟಿತೆಂದು ಕೈಗವಸನ್ನು ಬೈಯುತ್ತಾನೆ. ಬಲ್ಲವರು ತೆಳುಬಟ್ಟೆಯಲ್ಲಿ ಸಾವಕಾಶ ನಡೆದು, ದಪ್ಪ ಅಂಗಿಯನ್ನು ಹೊತ್ತೊಯ್ದು ಮೇಲೆ ಕೂತ ನಂತರ ತೊಡುತ್ತಾರೆ. ಹತ್ತಿಯ ಬನಿಯನ್ ಮೈಗೆ ಅಂಟಿಕೊಂಡಿದ್ದರೆ ಮೇಲಿನ ಯಾವ ಜಾಕೀಟೂ ಪೂರ್ತಿ ಫಲ ಕೊಡುವುದಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಪಾಲಿನಷ್ಟು ತೇವ ಹೀರಿಕೊಂಡರೂ ಒದ್ದೆ ಅನ್ನಿಸುವುದಿಲ್ಲ. ಬಾಯಿಂದ ಕೈಗೆ ಹಬೆ ಊದಿಕೊಳ್ಳುವುದೂ ಇದೇ ಲೆಕ್ಕಕ್ಕೆ ಬರುತ್ತದೆ: ಆ ಗಳಿಗೆಗೆ ಹಿತ, ಮರುಗಳಿಗೆಗೆ ಬೆರಳ ಮೇಲೆ ತೇವ.

ಗಾಳಿಯ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅಂಟಾರ್ಕ್ಟಿಕಾದಲ್ಲಿ ನೀರು ಹೆಪ್ಪುಗಟ್ಟುವ ವೇಗವನ್ನು ಅಳೆದು 1945ರಲ್ಲಿ ಗಾಳಿಚಳಿಯ ಲೆಕ್ಕವನ್ನು ಪ್ರಕಟಿಸಿದರು. ಕಪ್ಪತಗುಡ್ಡದ ಗಾಳಿಗಿರಣಿಗಳ ಬುಡದಲ್ಲಿ ಜನವರಿಯ ಬೆಳಗ್ಗೆ ಐದು ನಿಮಿಷ ಬರಿಗೈಯಲ್ಲಿ ನಿಂತವನಿಗೆ ಆ ಲೆಕ್ಕದ ಹಂಗಿಲ್ಲದೆಯೂ ವಿಷಯ ತಿಳಿಯುತ್ತದೆ.

ಹಾವೇರಿಯ ಸ್ನೇಹಿತರೊಬ್ಬರು ಒಮ್ಮೆ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಕೈಗವಸಿನೊಳಗೆ ಉದುರಿಸಿಕೊಂಡರೆ ಹೇಗೆ ಎಂದು ಕೇಳಿದರು. ಅಮೆರಿಕದಲ್ಲಿಯೂ ಕಾಲುಚೀಲಕ್ಕೆ ಖಾರದಪುಡಿ ಹಾಕಿಕೊಳ್ಳುವ ಹಳೆಯ ರೂಢಿಯೊಂದಿದೆ. ಖಾರದ ಕ್ಯಾಪ್ಸೈಸಿನ್ ಚರ್ಮದಲ್ಲಿ ಶಾಖವನ್ನು ಗುರುತಿಸುವ ನರದ ತುದಿಯನ್ನೇ ಕೆಣಕಿ ಬಿಸಿಯಾದ ಭ್ರಮೆ ಹುಟ್ಟಿಸುತ್ತದೆ. ಆ ಗ್ರಾಹಕವನ್ನು ಕಂಡುಹಿಡಿದದ್ದಕ್ಕೆ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಬಂತು. ಬ್ಯಾಡಗಿಯ ಹೆಸರು ಇರುವುದು ಬಣ್ಣಕ್ಕೆ, ಖಾರಕ್ಕಲ್ಲ, ಆದ್ದರಿಂದ ಕೈ ಬಿಸಿಯಾಗುವ ಮುಂಚೆ ಕೆಂಪಾಗುತ್ತದೆ ಎಂದೆ. ಅದಕ್ಕಿಂತ ದೊಡ್ಡ ತೊಡಕು ಅದೇ ಕೈಯಿಂದ ಕಣ್ಣು ಒರೆಸಿಕೊಳ್ಳುವುದು. ಗುರಿಕಾರನಿಗೆ ಕಣ್ಣೂ ಬೇಕಲ್ಲ. ತಿನ್ನುವುದಕ್ಕೆ ಮಾತ್ರ ಅಡ್ಡಿಯಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಣ್ಣೆ, ಶೇಂಗಾ ಚಟ್ನಿಯನ್ನು ನಮ್ಮವರು ಮಾಗಿಯ ಊಟವಾಗಿ ಇಟ್ಟುಕೊಂಡದ್ದರಲ್ಲಿ ವಿವೇಕವಿದೆ: ಎಣ್ಣೆಯಂಶ ಹೆಚ್ಚಿರುವ ಊಟ ಬಹಳ ಹೊತ್ತು ಶಾಖ ಒದಗಿಸುತ್ತದೆ, ಬರಿಹೊಟ್ಟೆಯವನ ಮೈ ಬೇಗ ಕೈಬೆರಳನ್ನು ಬಿಟ್ಟುಕೊಡುತ್ತದೆ. ಬಿಸಿ ಚಹಾದಿಂದ ಸಿಗುವ ದೊಡ್ಡ ಲಾಭ ಲೋಟವನ್ನು ಹಿಡಿದ ಕೈಗೆ. ತಂಬಾಕು, ಗುಟಕಾ, ಬೀಡಿಗಳು ಬೆರಳಿನ ರಕ್ತನಾಳವನ್ನು ಕುಗ್ಗಿಸುತ್ತವೆ. ಮದ್ಯ ಚರ್ಮದ ನಾಳಗಳನ್ನು ಹಿಗ್ಗಿಸಿ ಬೆಚ್ಚಗಾದ ಭಾವನೆ ಕೊಡುತ್ತಲೇ ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ, ಬಿಲ್ಲು ಹಿಡಿದವನ ಹತ್ತಿರ ಅದರ ಮಾತೂ ಬೇಡ.

ಈ ಎಲ್ಲ ಚಿಂತೆಯೂ ಗುರಿಪಲಗೆಯ ಮಟ್ಟಿಗೆ ಅಂಕಗಳ ಚಿಂತೆ. ಬೇಟೆಯಲ್ಲಿ ಹಾಗಲ್ಲ. ಬಾಣ ಕೊಲ್ಲುವುದು ಗುಂಡಿನಂತೆ ಹೊಡೆತದಿಂದಲ್ಲ, ಹರಿತವಾದ ಅಲಗು ಶ್ವಾಸಕೋಶವನ್ನೋ ಹೃದಯವನ್ನೋ ಕತ್ತರಿಸಿ ರಕ್ತ ಹರಿಸುವುದರಿಂದ. ಬೆರಳು ತಪ್ಪಿ ಬಾಣ ಒಂದು ಗೇಣು ಹಿಂದೆ ಬಿದ್ದರೆ ಹೊಟ್ಟೆಗೆ ತಗುಲಿದ ಜಿಂಕೆ ತಾಸುಗಟ್ಟಲೆ ನರಳುತ್ತ ಪೊದೆಯಲ್ಲಿ ಸಾಯುತ್ತದೆ, ಹಲವು ಸಲ ಸಿಗುವುದೂ ಇಲ್ಲ. ಬೇಟೆಯ ಬಗ್ಗೆ ನನಗಿರುವ ಅಳುಕನ್ನು ಅಣ್ಣನ ಮಗನ ಹತ್ತಿರ ಮುಚ್ಚಿಟ್ಟಿಲ್ಲ. ಅವನು ವಾದಕ್ಕಿಳಿಯದೆ ತನ್ನ ಒಂದು ನಿಯಮವನ್ನು ತೋರಿಸಿದ. ಪ್ರತಿ ಅರ್ಧ ತಾಸಿಗೊಮ್ಮೆ ಮಫ್‌ನೊಳಗೇ ಹೆಬ್ಬೆರಳನ್ನು ಕಿರುಬೆರಳಿನ ತುದಿಗೆ ಮುಟ್ಟಿಸಿ ನೋಡುತ್ತಾನೆ. ಮುಟ್ಟದಿದ್ದರೆ, ಅಥವಾ ಮುಟ್ಟಿದ್ದು ತಿಳಿಯದಿದ್ದರೆ, ಎಂಥ ಜಿಂಕೆ ಬಂದರೂ ಬಿಲ್ಲು ಎತ್ತುವುದಿಲ್ಲ. ಕೈ ಪೂರ್ತಿ ಮರಗಟ್ಟುವ ಮುಂಚೆಯೇ ಕೆಳಗಿಳಿಯುತ್ತಾನೆ, ಏಕೆಂದರೆ ಹಿಡಿತವಿಲ್ಲದ ಕೈಯಿಂದ ಏಣಿಯಿಳಿಯುವಾಗ ಬಿದ್ದು ಪೆಟ್ಟು ಮಾಡಿಕೊಳ್ಳುವುದು ಆ ಬೇಟೆಯ ನಿಜವಾದ ಅಪಾಯ. ಮೈಗೆ ಸುರಕ್ಷಾಪಟ್ಟಿ ಕಟ್ಟಿಕೊಂಡೇ ಹತ್ತಿಳಿಯುತ್ತಾರೆ, ಬಿಲ್ಲನ್ನು ಹಗ್ಗದಿಂದ ಬೇರೆಯಾಗಿ ಇಳಿಸುತ್ತಾರೆ. ಇಳಿದ ಮೇಲೂ ಸೆಟೆದ ಕೈಯನ್ನು ನೇರ ಬೆಂಕಿಗೆ ಒಡ್ಡುವಂತಿಲ್ಲ, ಸುಟ್ಟರೂ ಅದಕ್ಕೆ ತಿಳಿಯುವುದಿಲ್ಲ. ಕಂಕುಳಲ್ಲಿಟ್ಟು ನಿಧಾನವಾಗಿ ಕಾಯಿಸಬೇಕು. ತೋಳನ್ನು ಹೆಗಲಿನಿಂದ ಬೀಸಿ ತಿರುಗಿಸಿದರೆ ರಕ್ತ ಬೆರಳ ತುದಿಗೆ ತಳ್ಳಿಕೊಂಡು ಬರುತ್ತದೆ.

ಆ ಬೆರಳ ಪರೀಕ್ಷೆಯನ್ನು ಈಗ ನಾನೂ ಇಲ್ಲಿ ಗೆರೆಯ ಮೇಲೆ ನಿಲ್ಲುವ ಮುಂಚೆ ಮಾಡುತ್ತೇನೆ. ಜೊತೆಗೆ, ರಾಣೆಬೆನ್ನೂರು ಕಡೆಯಿಂದ ತಂದ ಹಳೆಯ ಕಂಬಳಿಯೊಂದು ಮನೆಯಲ್ಲಿದೆ. ಅದರ ಒಂದು ತುಂಡಿನಿಂದ ಮಫ್ ಹೊಲಿಸಬೇಕೆಂದು ಗಾಂಧಿ ಚೌಕದ ದರ್ಜಿಯೊಬ್ಬರಿಗೆ ಅಳತೆ ಕೊಟ್ಟಿದ್ದೇನೆ. ಕಂಬಳಿಗೆ ಹುಣಸೆಬೀಜದ ಗಂಜಿ ಕುಡಿಸಿರುವುದರಿಂದ ಇಬ್ಬನಿ ಬೇಗ ಒಳಗಿಳಿಯುವುದಿಲ್ಲ, ಆದರೆ ಒಳಮೈ ಕೈಗೆ ಚುಚ್ಚುತ್ತದೆ. ಹಳೆಯ ಫ್ಲಾನೆಲ್ ಬಟ್ಟೆಯ ಒಳಪದರ ಕೊಡಿಸಬೇಕು. ಕೊಳವೆಯ ಬಾಯಿ ಟ್ಯಾಬ್ ತೊಟ್ಟ ಕೈ ಸಿಕ್ಕಿಕೊಳ್ಳದೆ ಹೊರಬರುವಷ್ಟು ಅಗಲವಿರಬೇಕು, ಗಾಳಿ ನುಗ್ಗದಷ್ಟು ಕಿರಿದೂ ಇರಬೇಕು. ದರ್ಜಿಗೆ ಇನ್ನೂ ಅದು ಯಾವ ಉಡುಪೆಂದು ಅರ್ಥವಾಗಿಲ್ಲ. ಮುಂದಿನ ವಾರ ಬಿಲ್ಲನ್ನೇ ಅಂಗಡಿಗೆ ಒಯ್ದು ತೋರಿಸುತ್ತೇನೆಂದು ಹೇಳಿ ಬಂದಿದ್ದೇನೆ.